ತುಂಬಿ ಚೆಲ್ಲಿದ ಬೈಟುಗಳ ಬೆನ್ನು ಹತ್ತಿ
1988ರ ನವೆಂಬರ್ 2ರಂದು ಹರಡತೊಡಗಿದ ಮಾರಿಸ್ ವರ್ಮ್ (ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡುವ ಪ್ರೋಗ್ರಾಂ), ಯುನಿಕ್ಸ್ ಯಂತ್ರಗಳಲ್ಲಿ ಬಳಕೆದಾರರ ವಿವರ ಕೊಡುವ ಫಿಂಗರ್ ಸೇವೆಗೆ 536 ಬೈಟುಗಳ ಸಾಲೊಂದನ್ನು ಕಳಿಸುತ್ತಿತ್ತು. ತುಂಬಿಕೊಳ್ಳಲು ಇದ್ದ ಜಾಗ 512 ಬೈಟು. ಬಂದದ್ದನ್ನೆಲ್ಲ ಅಳತೆ ನೋಡದೆ ಸುರಿದದ್ದು ಸಿ ಭಾಷೆಯ ‘ಗೆಟ್ಸ್’ ಫಂಕ್ಷನ್. ಅದನ್ನು ಭಾಷೆಯ ಮಾನಕದಿಂದ ಹೊರಹಾಕಲು 2011ರವರೆಗೆ ಕಾಯಬೇಕಾಯಿತು! ಹೆಚ್ಚುವರಿ 24 ಬೈಟು ಚೆಲ್ಲಿದ್ದು ಎಲ್ಲಿಗೆ? ಕೆಳಹಂತದ ಸಿಸ್ಟಮ್ ಸುರಕ್ಷತೆಯಲ್ಲಿ ಕೆಲಸ ಮಾಡುವವರ ದಿನ ಬಹುಪಾಲು ಇಂಥ ಪ್ರಶ್ನೆಯಲ್ಲೇ ಕಳೆಯುತ್ತದೆ.

ಕಲಿಯುವವರಿಗೂ ಇದೇ ಒಳ್ಳೆಯ ಬಾಗಿಲು. 64 ಬೈಟಿನ ಬಫರ್ (ಬಂದ ಮಾಹಿತಿ ತುಂಬಿಕೊಳ್ಳುವ ಜಾಗ) ಇರುವ ಪುಟ್ಟ ಸಿ ಫಂಕ್ಷನ್ ಬರೆದು, 64 ಬಿಟ್ ಇಂಟೆಲ್ ಅಥವಾ ಎಎಂಡಿ ಯಂತ್ರದ ಲಿನಕ್ಸ್‌ನಲ್ಲಿ, ಸ್ಟ್ಯಾಕ್ (ಫಂಕ್ಷನ್‌ಗಳ ತಾತ್ಕಾಲಿಕ ಮಾಹಿತಿ ಕೂರುವ ಮೆಮೊರಿ) ಕಾಯುವ ಸ್ಟ್ಯಾಕ್ ಪ್ರೊಟೆಕ್ಟರ್ ಮತ್ತು ಆಪ್ಟಿಮೈಸೇಶನ್ ಆಫ್ ಮಾಡಿ ಕಂಪೈಲ್ ಮಾಡಿ. ಸಾಮಾನ್ಯವಾಗಿ ಬಫರ್ ಆದಮೇಲೆ 8 ಬೈಟಿನಲ್ಲಿ ಹಳೆಯ ಬೇಸ್ ಪಾಯಿಂಟರ್, ಅದರಾಚೆಯ 8 ಬೈಟಿನಲ್ಲಿ ರಿಟರ್ನ್ ವಿಳಾಸ, ಅಂದರೆ ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂಬ ಗುರುತು. 72 ಬೈಟು ದಾಟಿದ ಮೇಲಿನ 8 ಬೈಟು ಆ ಗುರುತಿನ ಮೇಲೆಯೇ ಬೀಳುತ್ತದೆ.

100 ‘ಎ’ ಅಕ್ಷರ ಕೊಟ್ಟರೆ ಪ್ರೋಗ್ರಾಂ ಕುಸಿಯುತ್ತದೆ. ಹೊಸಬರು ಪ್ರೋಗ್ರಾಂನ ಒಳಗನ್ನು ತೋರಿಸುವ ಜಿಡಿಬಿ ಎಂಬ ಡೀಬಗರ್ ತೆರೆದು, ಮುಂದಿನ ಆದೇಶದ ವಿಳಾಸ ಹಿಡಿದಿರುವ ಇನ್‌ಸ್ಟ್ರಕ್ಷನ್ ಪಾಯಿಂಟರ್‌ನಲ್ಲಿ 41 41 41 (‘ಎ’ ಅಕ್ಷರದ ಹೆಕ್ಸಾಡೆಸಿಮಲ್ ಸಂಕೇತ 41) ಎಂಬ ಸಾಲನ್ನು ಹುಡುಕುತ್ತಾರೆ. ಸಿಗುವುದಿಲ್ಲ. 64 ಬಿಟ್ ಪ್ರೊಸೆಸರ್ ಅಂಥ ವಿಳಾಸವನ್ನು ವಿಳಾಸವೆಂದೇ ಒಪ್ಪದೆ ಫಂಕ್ಷನ್‌ನಿಂದ ಮರಳುವ ‘ರೆಟ್’ ಆದೇಶದ ಮೇಲೆಯೇ ನಿಂತುಬಿಡುತ್ತದೆ. ನೋಡಬೇಕಾದದ್ದು ಸ್ಟ್ಯಾಕ್ ಪಾಯಿಂಟರ್ ತೋರಿಸುವ 8 ಬೈಟು. ಅಲ್ಲಿ 41ಗಳು ಸಾಲಾಗಿ ಕೂತಿರುತ್ತವೆ.

ಜಿಡಿಬಿಯೊಳಗೆ ಸರಿಯಾಗಿ ಸಿಕ್ಕ ವಿಳಾಸ ಹೊರಗೆ ಓಡಿಸಿದಾಗ ತಪ್ಪಾಗುವುದೂ ಮಾಮೂಲಿ. ವಿಳಾಸಗಳನ್ನು ಕಲಸುವ ಎಎಸ್‌ಎಲ್‌ಆರ್ ವ್ಯವಸ್ಥೆಯನ್ನು ಜಿಡಿಬಿ ತಾನಾಗಿಯೇ ಆಫ್ ಮಾಡಿರುತ್ತದೆ. ಅದನ್ನು ಹೊರಗೂ ಆಫ್ ಮಾಡಿದರೂ ಮುಗಿಯಲಿಲ್ಲ: ಜಿಡಿಬಿ ಸೇರಿಸುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳೂ ಸ್ಟ್ಯಾಕಿನಲ್ಲೇ ಕೂರುವುದರಿಂದ ಉಳಿದದ್ದೆಲ್ಲ ಒಂದಿಷ್ಟು ಜರುಗಿರುತ್ತದೆ. ಇಲ್ಲಿ ತಲೆ ಕೆಡಿಸಿಕೊಂಡು ಕಳೆದ ಗಂಟೆಗಳು ವ್ಯರ್ಥವಲ್ಲ.

ಸ್ಟ್ಯಾಕ್ ಪ್ರೊಟೆಕ್ಟರ್ ಮತ್ತೆ ಆನ್ ಮಾಡಿದರೆ ಬಫರ್‌ಗೂ ರಿಟರ್ನ್ ವಿಳಾಸಕ್ಕೂ ನಡುವೆ ‘ಕೆನರಿ’ ಎಂಬ 8 ಬೈಟಿನ ಕಾವಲು ಬರುತ್ತದೆ. ಪ್ರತಿ ಸಲ ಪ್ರೋಗ್ರಾಂ ಶುರುವಾದಾಗ ಅದರ ಮೌಲ್ಯ ಹೊಸದು. ಫಂಕ್ಷನ್ ಮರಳುವ ಮುನ್ನ ಅದು ಬದಲಾಗಿದ್ದರೆ ಪ್ರೋಗ್ರಾಂ ಅಲ್ಲೇ ಸಾಯುತ್ತದೆ. ಲಿನಕ್ಸ್‌ನಲ್ಲಿ ಅದರ ಮೊದಲ ಬೈಟು ಮಾತ್ರ ಯಾವಾಗಲೂ ಸೊನ್ನೆ. ಸಿ ಭಾಷೆಯಲ್ಲಿ ಅಕ್ಷರಸಾಲು ಸೊನ್ನೆಗೆ ಮುಗಿಯುವುದರಿಂದ, ಬಫರ್ ಓದುತ್ತ ಅಂಚು ದಾಟಿದ ಫಂಕ್ಷನ್ ಅಲ್ಲೇ ನಿಲ್ಲುತ್ತದೆ, ಕೆನರಿಯ ಗುಟ್ಟು ಹೊರಬೀಳುವುದಿಲ್ಲ. ಜಾಣ ಏರ್ಪಾಡು.

ಆದರೆ ಈ ಜಾಣತನಕ್ಕೂ ಒಂದು ಸಂದಿ ಇದೆ. ಕೆನರಿಗೆ ಒತ್ತಿಕೊಂಡೇ ಇರುವ ಬಫರ್‌ಗೆ ಸರಿಯಾಗಿ ಅದರಷ್ಟೇ ಉದ್ದದ ಅಕ್ಷರಸಾಲು ಬಂದರೆ, ಕೊನೆಯ ಸೊನ್ನೆ ಒಂದು ಬೈಟು ಆಚೆ, ಅಂದರೆ ಕೆನರಿಯ ಸೊನ್ನೆಯ ಮೇಲೆಯೇ ಬೀಳುತ್ತದೆ. ಸೊನ್ನೆಯ ಮೇಲೆ ಸೊನ್ನೆ. ಕಾವಲಿಗೆ ಸುಳಿವೇ ಇಲ್ಲ. ಪರೀಕ್ಷೆಗಳೆಲ್ಲ ಪಾಸು. ಕಂಪೈಲರ್ ಆವೃತ್ತಿ ಬದಲಾಗಿ ಸ್ಟ್ಯಾಕಿನ ಜೋಡಣೆ ಕದಲಿದ ದಿನ ಅದೇ ಸೊನ್ನೆ ಬೇರೊಂದು ಮೌಲ್ಯವನ್ನು ಅಳಿಸಿ, ದೋಷ ಮೊನ್ನೆಯ ಬದಲಾವಣೆಯ ತಲೆಗೆ ಬರುತ್ತದೆ. ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಮತ್ತು ಡೀಬಗ್ ಮಾಹಿತಿಯ ಜೊತೆ ಕಂಪೈಲ್ ಮಾಡಿದ್ದರೆ ಬಫರಿನ ಅಕ್ಕಪಕ್ಕದ ನಿಷಿದ್ಧ ಪಟ್ಟಿಯನ್ನು ಆ ಸೊನ್ನೆ ಮುಟ್ಟಿದ ಕ್ಷಣವೇ ಸಾಲಿನ ಸಂಖ್ಯೆ ಸಮೇತ ಸಿಕ್ಕಿಬೀಳುತ್ತಿತ್ತು.