ಖಾಲಿ ಸರ್ವರ್‌ನ ಬಾಗಿಲು ತಟ್ಟುವವರು

ಕ್ಲೌಡ್‌ನಲ್ಲಿ ಮೊದಲ ಸರ್ವರ್ ಬಾಡಿಗೆಗೆ ತಗೊಂಡವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಇನ್ನೂ ಏನೂ ಹಾಕಿಲ್ಲ, ಖಾಲಿ ಇದೆ. ಯಾರು ನುಗ್ಗುತ್ತಾರೆ?" ಖಾತೆ ತೆರೆದು, ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಆರಿಸಿ, ಬಟನ್ ಒತ್ತೋದು ಸುಲಭ, ಅದು ಹಾಗಿರಲಿ. ಈ ನಂಬಿಕೆ ಮಾತ್ರ ಅಪಾಯದ್ದು.

ಒಂದು ದಿನ ಬಿಟ್ಟು ಸರ್ವರ್‌ನ ಲಾಗಿನ್ ಲಾಗ್, ಅಂದರೆ ಯಾರ್‍ಯಾರು ಒಳಗೆ ಬರಲು ನೋಡಿದರು ಅನ್ನುವ ದಾಖಲೆ, ತೆರೆದು ನೋಡಿ. 'ರೂಟ್' ಹೆಸರಲ್ಲಿ ತಪ್ಪು ಪಾಸ್‌ವರ್ಡ್, 'ಅಡ್ಮಿನ್' ಹೆಸರಲ್ಲಿ ತಪ್ಪು ಪಾಸ್‌ವರ್ಡ್, 'ಟೆಸ್ಟ್', ಮತ್ತೆ 'ರೂಟ್'. ಸಾಲುಗಟ್ಟಿ ನಿಂತಿರುತ್ತವೆ. ಯಾರಿಗೂ ನಿಮ್ಮ ಮೇಲೆ ಹಗೆ ಇಲ್ಲ. ಇಂಟರ್ನೆಟ್‌ನಲ್ಲಿ ಯಂತ್ರಗಳನ್ನು ಗುರುತಿಸುವ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಒಂದೇ ಕಂಪ್ಯೂಟರ್‌ನಿಂದ 45 ನಿಮಿಷದೊಳಗೆ ಅಷ್ಟನ್ನೂ ತಟ್ಟಿ ನೋಡಬಹುದು ಅಂತ 2013ರಲ್ಲೇ ಝಡ್‌ಮ್ಯಾಪ್ ಎಂಬ ತಂತ್ರಾಂಶ ತೋರಿಸಿತ್ತು. ಹೀಗೆ ತಾವಾಗಿಯೇ ತಟ್ಟುತ್ತಾ ಹೋಗುವ ತಂತ್ರಾಂಶಗಳಿಗೆ, ಅಂದರೆ ಬಾಟ್‌ಗಳಿಗೆ, ಬೇಕಿರುವುದು ನಿಮ್ಮ ಫೈಲ್ ಅಲ್ಲ, ನಿಮ್ಮ ಯಂತ್ರ. ಸ್ಪ್ಯಾಮ್ ಕಳಿಸೋಕೆ ಖಾಲಿ ಸರ್ವರ್ ಧಾರಾಳವಾಗಿ ಸಾಕು.

ಅವು ತಟ್ಟುವ ಬಾಗಿಲು 22ನೇ ಪೋರ್ಟ್ (ಸಂಪರ್ಕಕ್ಕಿರುವ ನಂಬರಿನ ದಾರಿ), ಅಂದರೆ ದೂರದ ಸರ್ವರ್‌ಗೆ ಗುಟ್ಟಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್. ಇದನ್ನು 1995ರಲ್ಲಿ ಬರೆದವರು ಫಿನ್‌ಲೆಂಡ್‌ನ ಟಾಟು ಯ್ಲೋನೆನ್. ಅವರ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡ್ ಹಿಡಿದಿದ್ದರು. ದೂರದಿಂದ ಲಾಗಿನ್ ಆಗಲು ಆಗ ಬಳಕೆಯಲ್ಲಿದ್ದ ಟೆಲ್‌ನೆಟ್ ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದೆ ಕಳಿಸುತ್ತಿತ್ತು. ಫೈಲ್ ಕಳಿಸುವ ಎಫ್‌ಟಿಪಿಯ ಪೋರ್ಟ್ 21, ಟೆಲ್‌ನೆಟ್‌ದು 23. ನಡುವೆ 22 ಖಾಲಿ ಇತ್ತು, ಅದನ್ನೇ ಕೇಳಿ ಪಡೆದರು!

ಪಾಸ್‌ವರ್ಡ್‌ನ ಬದಲು ಎಸ್‌ಎಸ್‌ಎಚ್ ಕೀ ಬಳಸಿ. ನನಗೆ ಇವತ್ತಿಗೂ ಖುಷಿ ಕೊಡುವ ಉಪಾಯ ಇದು. ನಿಮ್ಮ ಕಂಪ್ಯೂಟರ್ ಎರಡು ಫೈಲ್ ಹುಟ್ಟಿಸುತ್ತದೆ. ಪಬ್ಲಿಕ್ ಕೀ ಬೀಗ ಇದ್ದ ಹಾಗೆ, ಯಾವ ಸರ್ವರ್‌ಗೆ ಬೇಕಾದರೂ ನೇತು ಹಾಕಿ. ಪ್ರೈವೇಟ್ ಕೀ ಕೀಲಿ, ಅದು ನಿಮ್ಮ ಹತ್ತಿರವೇ ಇರಲಿ. ಈ ಹೋಲಿಕೆ ಸ್ವಲ್ಪ ಕುಂಟುತ್ತದೆ, ಯಾಕಂದ್ರೆ ಕೀಲಿಯನ್ನು ಬೀಗದ ಹತ್ತಿರ ಒಯ್ಯಲೇಬೇಕು. ಇಲ್ಲಿ ಅದೂ ಬೇಡ. ಸಹಿ ಅಂತಿಟ್ಟುಕೊಳ್ಳಿ. ಪ್ರತಿ ಸಲ ಸಂಪರ್ಕ ಆದಾಗಲೂ ಒಂದು ಹೊಸ ಗುರುತು ಹುಟ್ಟುತ್ತದೆ, ನಿಮ್ಮ ಕಂಪ್ಯೂಟರ್ ಅದರ ಮೇಲೆ ಸಹಿ ಹಾಕುತ್ತದೆ. ಸರ್ವರ್ ತನ್ನಲ್ಲಿರುವ ಪಬ್ಲಿಕ್ ಕೀ ಇಟ್ಟುಕೊಂಡು ಸಹಿ ತಾಳೆ ನೋಡುತ್ತದೆ. ಆ ಸಹಿಯನ್ನು ಯಾರಾದರೂ ಕದ್ದರೂ ನಾಳೆಯ ಗುರುತೇ ಬೇರೆ. ಮತ್ತೆ ಪಬ್ಲಿಕ್ ಕೀಯಿಂದ ಪ್ರೈವೇಟ್ ಕೀ ಹುಡುಕೋದು? ಎರಡು ಬಣ್ಣ ಕಲೆಸಿದ ಮೇಲೆ ಬೇರೆ ಮಾಡಲು ಹೋದಂತೆ. ಈಗ ಹೆಚ್ಚಾಗಿ ಬಳಸುವ ಇಡಿ25519 ಕೀಯ ಹೆಸರಲ್ಲೇ ಅದರ ಗಣಿತ ಅಡಗಿದೆ. 2ರ 255ನೇ ಘಾತದಿಂದ 19 ಕಳೆದರೆ ಸಿಗುವ ಅವಿಭಾಜ್ಯ ಸಂಖ್ಯೆ ಅದು.

ಕೀ ಹಾಕಿದ ಮೇಲೆ ಪಾಸ್‌ವರ್ಡ್ ಲಾಗಿನ್ ಮುಚ್ಚಿ. ಆದರೆ ತೆರೆದಿರುವ ಟರ್ಮಿನಲ್ (ಸರ್ವರ್‌ಗೆ ಆಜ್ಞೆ ಕೊಡುವ ಕಿಟಕಿ) ಹಾಗೇ ಇರಲಿ, ಇನ್ನೊಂದರಿಂದ ಒಳಗೆ ಹೋಗಿ ನೋಡಿ. ನಾನು ಮೊದಲ ಸಲ 22ಕ್ಕೆ ಅನುಮತಿ ಕೊಡದೇ ಫೈರ್‌ವಾಲ್ (ಯಾವ ಪೋರ್ಟ್ ತೆರೆದಿರಬೇಕು ಅಂತ ಕಾಯುವ ತಂತ್ರಾಂಶ) ಆನ್ ಮಾಡಿ, ಟರ್ಮಿನಲ್ ಮುಚ್ಚಿ, ಮಲಗಿಬಿಟ್ಟೆ. ಬೆಳಿಗ್ಗೆ ನನ್ನ ಸರ್ವರ್ ನನ್ನನ್ನೇ ಹೊರಗಿಟ್ಟಿತ್ತು. ಬ್ರೌಸರ್‌ನಲ್ಲಿ ಕ್ಲೌಡ್ ಕಂಪನಿಯ ಕನ್ಸೋಲ್ ತೆರೆದೆ, ಎಸ್‌ಎಸ್‌ಎಚ್ ಇಲ್ಲದೆ ಸರ್ವರ್ ಮುಟ್ಟುವ ದಾರಿ ಅದು. ಅದು ಪಾಸ್‌ವರ್ಡ್ ಕೇಳಿತು. ಕೀಯನ್ನೇ ನಂಬಿ ಪಾಸ್‌ವರ್ಡ್ ಇಟ್ಟೇ ಇರಲಿಲ್ಲ. ಸುಮ್ನೆ ಸರ್ವರ್ ಅಳಿಸಿ ಹೊಸದು ಶುರು ಮಾಡಿದೆ.