ನಡುರಾತ್ರಿ ಬಾಗಿಲು ಬಡಿದರೆ

‘ತಪ್ಪು ಮಾಡದವನು ಯಾಕೆ ಹೆದರಬೇಕು? ಮುಚ್ಚಿಡೋಕೆ ಏನಿದೆ?’ ಖಾಸಗಿತನದ ಮಾತೆತ್ತಿದರೆ ಜಾಸ್ತಿ ಕೇಳಿಬರುವ ಪ್ರಶ್ನೆ ಇದು. ಆಗೆಲ್ಲ ನನಗೆ ಉತ್ತರ ಪ್ರದೇಶದ ಖರಕ್ ಸಿಂಗ್ ನೆನಪಾಗುತ್ತಾರೆ.

1941ರಲ್ಲಿ ಅವರ ಮೇಲೆ ಡಕಾಯಿತಿ ಕೇಸು ಬಿತ್ತು. ಸಾಕ್ಷಿ ಸಿಗಲಿಲ್ಲ, ಬಿಟ್ಟರು. ಆದರೂ ಪೊಲೀಸರು ಅವರ ಹೆಸರಿನಲ್ಲಿ ಹಿಸ್ಟರಿ ಶೀಟ್, ಅಂದರೆ ನಿಗಾ ಇಡಬೇಕಾದವರ ದಾಖಲೆ, ತೆರೆದರು. ರಾತ್ರಿ ಹೊತ್ತು ಕಾನ್‌ಸ್ಟೇಬಲ್‌ಗಳು, ಚೌಕಿದಾರರು ಬಂದು ಬಾಗಿಲು ಬಡಿದು ಕೂಗುತ್ತಿದ್ದರು. ಮಲಗಿದ್ದವರನ್ನು ಎಬ್ಬಿಸಿ ಠಾಣೆಗೆ ಕರೆದೊಯ್ದದ್ದೂ ಉಂಟು. ಪಕ್ಕದೂರಿಗೆ ಹೋಗಬೇಕಾದರೂ ಹೇಳಿ ಹೋಗಬೇಕು. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವರಿಗೆ ಬೇಕಿದ್ದದ್ದು ತಮ್ಮ ಮನೆಯಲ್ಲಿ ಒಂದು ನಿದ್ದೆ, ಅಷ್ಟೇ.

ಅವರ ಅರ್ಜಿಯ ಮೇಲೆ 1962ರಲ್ಲಿ ಸುಪ್ರೀಂ ಕೋರ್ಟ್ ಈ ರಾತ್ರಿ ಭೇಟಿಗಳನ್ನೇನೋ ರದ್ದು ಮಾಡಿತು. ಆದರೆ ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಅಂತಲೂ ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಇದನ್ನು ಒಪ್ಪಲಿಲ್ಲ. ಖಾಸಗಿತನ ಇಲ್ಲದೆ ಸ್ವಾತಂತ್ರ್ಯವೇ ಪೂರ್ತಿಯಾಗದು ಎಂಬುದು ಅವರ ನಿಲುವು. ಅವರದೇ ಸರಿ ಅಂತ ಕೋರ್ಟು ಒಪ್ಪಲು 55 ವರ್ಷ ಬೇಕಾಯಿತು.

ಈ ನಡುವೆ ಬಾಗಿಲು ಬಡಿಯದೆಯೇ ಮನೆಯೊಳಗೆ ಬರುವ ದಾರಿ ಸಿಕ್ಕಿತ್ತು. 1988ರಲ್ಲಿ ಫೋನ್ ಕದ್ದಾಲಿಕೆಯ ಆರೋಪದ ಬಿಸಿಯಲ್ಲಿ ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಫೋನ್ ಮಾತೂ ಖಾಸಗಿ ಬದುಕಿನ ಭಾಗ, ಗೃಹ ಕಾರ್ಯದರ್ಶಿಯ ಆದೇಶವಿಲ್ಲದೆ ಕದ್ದು ಕೇಳುವಂತಿಲ್ಲ ಅಂತ ಕೋರ್ಟು 1996ರಲ್ಲಿ ಕಟ್ಟಳೆ ಹಾಕಿತು.

ಕೊನೆಗೆ ಹಳೇ ತೀರ್ಪನ್ನು ಅಲ್ಲಾಡಿಸಿದ್ದು ಬೆಂಗಳೂರಿನ ಹಿರಿಯರೊಬ್ಬರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಖಾಸಗಿತನಕ್ಕೆ ಧಕ್ಕೆ ಎಂದು ಆಧಾರ್ ವಿರುದ್ಧ ಅರ್ಜಿ ಹಾಕಿದರು. ಸರ್ಕಾರದ ವಕೀಲರು ಖರಕ್ ಸಿಂಗ್ ತೀರ್ಪನ್ನೇ ಮುಂದಿಟ್ಟು, ಅಂಥ ಹಕ್ಕೇ ಇಲ್ಲ ಎಂದು ವಾದಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಮರುವರ್ಷ ಆಧಾರ್ ಉಳಿಯಿತು, ಆದರೆ ಬ್ಯಾಂಕ್ ಖಾತೆಗೆ, ಸಿಮ್‌ಗೆ ಕಡ್ಡಾಯ ಅನ್ನುವುದು ಹೋಯಿತು. 2023ರಲ್ಲಿ ಮಾಹಿತಿ ರಕ್ಷಣೆಗೆ ಕಾನೂನೂ ಬಂತು.

ಹೋದ ವಾರ ಜೆರಾಕ್ಸ್ ಅಂಗಡಿಯಲ್ಲಿ ಲೆಕ್ಕ ಬರೆದುಕೊಟ್ಟ ಚೀಟಿಯನ್ನು ಸುಮ್ನೆ ತಿರುಗಿಸಿ ನೋಡಿದೆ. ಹಿಂದೆ ಯಾರೋ ಹೆಣ್ಣುಮಗಳ ಆಧಾರ್ ಪ್ರತಿ. ಮುಖ ಮಸುಕಾಗಿತ್ತು, ಗಂಡನ ಹೆಸರು, ಮನೆ ನಂಬರು ಸ್ಪಷ್ಟವಾಗಿತ್ತು. ಚೂರು ಚೂರು ಮಾಡಿ ಹರಿದೆ. ಮೇಜಿನ ಮೇಲೆ ಅಂಥ ಹಾಳೆಗಳ ಕಟ್ಟೇ ಇತ್ತು.