ಬಂಪರ್ ಬಿಲ್ಲಿನ ‘ಡೆಪ್’: ಇನ್ಶೂರೆನ್ಸ್ ಇದ್ದರೂ ಅರ್ಧ ದುಡ್ಡು ನಮ್ಮದೇ ಏಕೆ?

ಕಾರಿನ ಮುಂದಿನ ಬಂಪರ್ ಒಡೆದುಕೊಂಡು ಸರ್ವಿಸ್ ಸೆಂಟರಿಗೆ ಹೋದರೆ ಎಸ್ಟಿಮೇಟ್ ಬರೆಯುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: “ಸರ್, ಪಾಲಿಸಿ ನಾರ್ಮಲ್ಲಾ, ಜೀರೋ ಡೆಪ್ಪಾ?” ಡೆಪ್ ಎಂದರೆ ಡಿಪ್ರಿಸಿಯೇಶನ್, ಅಂದರೆ ಸವಕಳಿ. ಒಡೆದ ಭಾಗ ತೆಗೆದು ಹೊಸದನ್ನು ಹಾಕಿದಾಗ ಅದರ ಬೆಲೆಯಲ್ಲಿ ಒಂದು ಪಾಲನ್ನು ವಿಮಾ ಕಂಪನಿ ಹಿಡಿದುಕೊಳ್ಳುತ್ತದೆ. ಬಳಸಿ ಹಳತಾದ ವಸ್ತುವಿನ ಜಾಗಕ್ಕೆ ಹೊಚ್ಚಹೊಸದು ಬಂತಲ್ಲ, ಆ ಹೆಚ್ಚುವರಿ ಲಾಭದ ದುಡ್ಡನ್ನು ಮಾಲೀಕನೇ ಹಾಕಲಿ ಎಂಬುದು ಇದರ ತರ್ಕ.

ತರ್ಕವೇನೋ ಸರಿ. ಬಾನೆಟ್, ಫೆಂಡರ್, ಡೋರುಗಳಂಥ ಲೋಹದ ಭಾಗಗಳಿಗೆ ಕಡಿತವು ಕಾರಿನ ವಯಸ್ಸಿನೊಂದಿಗೆ ಮೆಲ್ಲಗೆ ಏರುತ್ತದೆ. ಮೊದಲ ಆರು ತಿಂಗಳು ಏನೂ ಇಲ್ಲ, ಒಂದು ವರ್ಷದವರೆಗೆ ಶೇ. 5, ಎರಡು ವರ್ಷದವರೆಗೆ ಶೇ. 10, ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ. 35, ಹತ್ತು ವರ್ಷ ದಾಟಿದರೆ ಶೇ. 50. ಗಾಜಿಗೆ ಕಡಿತವೇ ಇಲ್ಲ. ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರು, ಬ್ಯಾಟರಿ, ಏರ್‌ಬ್ಯಾಗುಗಳಿಗೆ ಮಾತ್ರ ಮೊದಲ ದಿನದಿಂದಲೇ ಶೇ. 50. ಈಗಿನ ಕಾರುಗಳ ಬಂಪರ್ ಪ್ಲಾಸ್ಟಿಕ್. ಹಾಗಾಗಿ ಶೋರೂಮಿನಿಂದ ಮನೆಗೆ ಬಂದು ತಿಂಗಳಾಗದ ಕಾರಿನ ಬಂಪರೂ ಈ ಲೆಕ್ಕದಲ್ಲಿ ಆಗಲೇ ಅರ್ಧ ಸವೆದು ಹೋಗಿದೆ! ಟೈರಿಗೆ ಈ ಮಾತು ಒಪ್ಪಬಹುದು, ಬಂಪರಿಗೆ ಒಪ್ಪುವುದು ಕಷ್ಟ.

ಈ ದರಗಳು 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಎಂಬ ವಾಹನ ವಿಮೆಯ ದರ-ನಿಯಮಗಳ ಪಟ್ಟಿಯಿಂದ ಬಂದವು. 2007ರಲ್ಲಿ ಸ್ವಂತ ವಾಹನದ ಹಾನಿಗೆ ಪ್ರೀಮಿಯಂ ಎಷ್ಟೆಂದು ತೀರ್ಮಾನಿಸುವ ಸ್ವಾತಂತ್ರ್ಯ ಕಂಪನಿಗಳಿಗೆ ಸಿಕ್ಕಿತು. ಪಾಲಿಸಿ ಪತ್ರದೊಳಗಿನ ಸವಕಳಿ ಪಟ್ಟಿ ಮಾತ್ರ ಬಹುಪಾಲು ಹಾಗೆಯೇ ಮುಂದುವರಿಯಿತು. ಇದನ್ನು ಐಡಿವಿ ಲೆಕ್ಕದ ಸವಕಳಿಯ ಜೊತೆ ಬೆರೆಸಿಕೊಳ್ಳಬೇಡಿ. ಐಡಿವಿ ಎಂದರೆ ಕಾರು ಕಳುವಾದಾಗ ಅಥವಾ ಪೂರ್ತಿ ಜಖಂ ಆದಾಗ ಸಿಗುವ ಮೊತ್ತ, ಅದರ ಪಟ್ಟಿ ಬೇರೆ.

ಇನ್ನು ಬಿಲ್ಲು ಹೇಗೆ ಬೆಳೆಯುತ್ತದೆ ನೋಡೋಣ. ಕಾರು ಕಂಪನಿಯ ಬಂಪರ್ ಸಾಮಾನ್ಯವಾಗಿ ಬಣ್ಣವಿಲ್ಲದೆ ಬರುತ್ತದೆ. ನಿಮ್ಮ ಕಾರಿನ ಬಣ್ಣ ಹೊಂದಿಸಿ ಹೊಡೆಯುವುದಕ್ಕೆ ಬೇರೆ ಚಾರ್ಜು, ಪರ್ಲ್ ವೈಟಿನಂಥ ಬಣ್ಣವಾದರೆ ಕೋಟುಗಳು ಹೆಚ್ಚು, ಖರ್ಚೂ ಹೆಚ್ಚು. ಬಿಚ್ಚಿ ಕೂರಿಸುವ ಕೂಲಿ ಇನ್ನೊಂದು ಸಾಲು. ಒಳಗಿನ ಕ್ಲಿಪ್ಪು, ಬ್ರ್ಯಾಕೆಟ್ಟು, ಗ್ರಿಲ್ಲು, ಫಾಗ್ ಲ್ಯಾಂಪ್ ಒಡೆದಿದ್ದರೆ ಒಂದೊಂದಕ್ಕೂ ಒಂದೊಂದು ಸಾಲು. ಬಿಡಿಭಾಗಕ್ಕೂ ಕೂಲಿಗೂ ಜಿಎಸ್‌ಟಿ ಉಂಟು. ಬಿಡಿಭಾಗಗಳ ಮೇಲೆ ಶೇ. 28ರಷ್ಟಿದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದದ್ದೊಂದೇ ಸಮಾಧಾನ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳಿ. 1200 ಸಿಸಿ ಕಾರು, ನಾಲ್ಕನೇ ವರ್ಷದ ನಾರ್ಮಲ್ ಪಾಲಿಸಿ. ತೆರಿಗೆ ಸೇರಿ ಬಂಪರಿಗೆ 5,000, ಪೇಂಟಿಂಗಿಗೆ 4,000, ಕೂಲಿ 1,000, ಒಟ್ಟು 10,000 ರೂಪಾಯಿ. ಬಂಪರಿನಲ್ಲಿ ಅರ್ಧ, ಅಂದರೆ 2,500 ಡೆಪ್. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಾನಿನ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಡಿಯುತ್ತಾರೆ, ಇಲ್ಲಿ 500. ಇದರ ಮೇಲೆ ಕಡ್ಡಾಯ ಕಡಿತ, ಅಂದರೆ ಪ್ರತಿ ಕ್ಲೇಮಿನಲ್ಲೂ ಮಾಲೀಕನೇ ಹಾಕಬೇಕಾದ ಮೊತ್ತ: 1500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000. ಕೊನೆಗೆ ನಿಮ್ಮ ಕೈಯಿಂದ 4,000, ವಿಮಾ ಕಂಪನಿಯಿಂದ 6,000.

ಆರು ಸಾವಿರ ಉಳಿಯಿತಲ್ಲ ಅನ್ನಿಸುತ್ತದೆ. ಆದರೆ ಕ್ಲೇಮ್ ಹಾಕಿದ ಕೂಡಲೇ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಹಾಕದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಯಾಗುತ್ತದೆ. ಸ್ವಂತ ಹಾನಿಯ ಪ್ರೀಮಿಯಂ ಬೋನಸ್ ಕಳೆಯುವ ಮೊದಲು 10,000 ಎಂದುಕೊಳ್ಳಿ. ನಾಲ್ಕೂ ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ. 45 ಬೋನಸ್ ಸಿಕ್ಕಿ 5,500 ಕಟ್ಟಿದರೆ ಸಾಕಿತ್ತು, ಈಗ ಪೂರ್ತಿ 10,000. ಅದರ ಮರುವರ್ಷ ಶೇ. 50ರ ಬದಲು ಶೇ. 20 ಮಾತ್ರ, ಅಲ್ಲಿ ಇನ್ನೂ 3,000 ಹೋಯಿತು. ಎರಡೇ ವರ್ಷದಲ್ಲಿ 7,500 ಕಳೆದುಕೊಂಡು 6,000 ಗಳಿಸಿದ ಹಾಗಾಯಿತು. ಬಂಪರ್ ಒಂದೇ ಒಡೆದಿದ್ದಾಗ ಕ್ಲೇಮ್ ಹಾಕದಿರುವುದೇ ಎಷ್ಟೋ ಸಲ ಲಾಭ. ಸರ್ವಿಸ್ ಸೆಂಟರಿನವರು ಈ ಲೆಕ್ಕವನ್ನು ತಾವಾಗಿ ಹೇಳುವುದು ಅಪರೂಪ, ನೀವೇ ಕೂತು ಹಾಕಬೇಕು.

ಜೀರೋ ಡೆಪ್ ಎಂದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಈ ಸವಕಳಿ ಕಡಿತವನ್ನು ತಪ್ಪಿಸಿಕೊಳ್ಳುವ ಸೌಲಭ್ಯ. ಹೆಸರಲ್ಲಿ ಸೊನ್ನೆ ಇದ್ದರೂ ನಿಮ್ಮ ಖರ್ಚು ಸೊನ್ನೆಯಾಗುವುದಿಲ್ಲ. ಮೇಲಿನ ಉದಾಹರಣೆಯಲ್ಲಿ 3,000 ಉಳಿಯುತ್ತದೆ, ಕಡ್ಡಾಯ ಕಡಿತದ 1,000 ಉಳಿಯುವುದಿಲ್ಲ. ಕ್ಲಿಪ್ಪು, ನಟ್ಟು, ಬೋಲ್ಟುಗಳನ್ನು ಕನ್ಸ್ಯೂಮಬಲ್ಸ್ (ಬಳಸಿ ಮುಗಿಯುವ ಸಣ್ಣಪುಟ್ಟ ಸಾಮಾನು) ಎಂದು ಹೊರಗಿಟ್ಟಿರಬಹುದು. ವರ್ಷಕ್ಕೆ ಇಷ್ಟೇ ಕ್ಲೇಮ್ ಎಂಬ ಮಿತಿಯನ್ನೂ ಹಲವು ಕಂಪನಿಗಳು ಹಾಕುತ್ತವೆ. ನೋ ಕ್ಲೇಮ್ ಬೋನಸ್ ಉಳಿಸುವುದಕ್ಕೆ ಇನ್ನೊಂದು ಆಡ್-ಆನ್ ಬೇಕು.

ಕೈಯಿಂದಲೇ ಖರ್ಚು ಮಾಡುವುದಾದರೆ ಹೊಸ ಬಂಪರ್ ಬೇಕೇಬೇಕು ಅಂತೇನಿಲ್ಲ. ಬಿರುಕು ಸಣ್ಣದಿದ್ದು, ಬಂಪರನ್ನು ಕಾರಿನ ಮೈಗೆ ಹಿಡಿದಿಡುವ ಕೊಂಡಿಗಳು ಸರಿಯಿದ್ದರೆ ಹೊರಗಿನ ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಿ ಬಣ್ಣ ಹೊಡೆಸಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಡೂಪ್ಲಿಕೇಟ್ ಬಂಪರುಗಳೂ ಸಿಗುತ್ತವೆ. ಬೆಲೆ ಕಡಿಮೆ, ಆದರೆ ಹೆಡ್‌ಲೈಟಿನ ಪಕ್ಕದ ಸಂದು ಸರಿಯಾಗಿ ಕೂರುತ್ತದೆಯೇ ಎಂದು ಪೇಂಟಿಗೆ ಮೊದಲೇ ಜೋಡಿಸಿ ನೋಡಿಕೊಳ್ಳಬೇಕು.

ಪೆಟ್ಟು ಜೋರಾಗಿದ್ದರೆ ಲೆಕ್ಕವೇ ಬೇರೆ. ಪ್ಲಾಸ್ಟಿಕ್ಕಿನ ಹಿಂದಿರುವ ಬಂಪರ್ ಬೀಮ್ ಬಗ್ಗಿದ್ದರೆ, ರೇಡಿಯೇಟರ್ ಅಥವಾ ಏಸಿ ಕಂಡೆನ್ಸರ್‌ಗೆ ಏಟು ಬಿದ್ದಿದ್ದರೆ, ಸೆನ್ಸರ್ ಹೋಗಿದ್ದರೆ ಬಿಲ್ಲು ಬೋನಸ್ಸಿನ ನಷ್ಟವನ್ನು ಸುಲಭವಾಗಿ ಮೀರುತ್ತದೆ. ಅಂಥ ಹೊತ್ತಿನಲ್ಲಿ ಕ್ಲೇಮ್ ಹಾಕಿ. ವಿಮಾ ಕಂಪನಿಯ ಪರವಾಗಿ ಹಾನಿ ಅಳೆಯುವ ಸರ್ವೇಯರ್ ಬಂದು ನೋಡುವ ಮೊದಲು ಏನನ್ನೂ ಬಿಚ್ಚಲು ಬಿಡಬೇಡಿ.